ರೋಗಿಯ ಗುಟ್ಟು, ಆಸ್ಪತ್ರೆಯ ಬೀಗ

ಹಾವೇರಿಯ ದನದ ಸಂತೆಯನ್ನು ನೀವು ನೋಡಿರಬಹುದು. ಎತ್ತಿನ ಬೆಲೆ ಕುದುರಿಸುವಾಗ ಕೊಳ್ಳುವವನೂ ಮಾರುವವನೂ ಬಾಯಿಬಿಟ್ಟು ಅಂಕಿ ಹೇಳದಿರುವುದು ಹಳೆಯ ರೂಢಿ. ಇಬ್ಬರ ಕೈಗಳ ಮೇಲೆ ಒಂದು ವಲ್ಲಿ ಬೀಳುತ್ತದೆ. ಅದರ ಮರೆಯಲ್ಲಿ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಈ ವಲ್ಲಿಯ ಕೆಲಸವನ್ನು ಈಗ ಗಣಕ ಮಾಡುತ್ತದೆ. ಇ-ಟೆಂಡರಿನಲ್ಲಿ ಒಬ್ಬ ವರ್ತಕ ನಮೂದಿಸಿದ ದರ, ಟೆಂಡರ್ ತೆರೆಯುವವರೆಗೆ ಇನ್ನೊಬ್ಬನಿಗೆ ಕಾಣಬಾರದು. ಎತ್ತಿನ ಬೆಲೆಗೂ ಮೆಣಸಿನಕಾಯಿಯ ದರಕ್ಕೂ ನಾವು ಇಷ್ಟು ಗುಟ್ಟು ಕಾಯುತ್ತೇವೆ.

ಈಗ ಇನ್ನೊಂದು ದೃಶ್ಯ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ರಕ್ತಪರೀಕ್ಷೆಯ ವರದಿ ತರಲು ಒಂದು ಪ್ರಯೋಗಾಲಯಕ್ಕೆ ಹೋಗಿದ್ದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರರಲ್ಲಿ ಅದು ಯಾವ ಊರಿನದು ಎಂಬುದು ಇಲ್ಲಿ ಮುಖ್ಯವಲ್ಲ. ಕೌಂಟರಿನ ಮುಂದೆ ಜನ ಕಿಕ್ಕಿರಿದಿದ್ದರು. ಅಲ್ಲಿದ್ದ ಹುಡುಗ ಗಣಕದ ಪರದೆಯನ್ನು ನನ್ನ ಕಡೆ ತಿರುಗಿಸಿ, "ಹೆಸರು ನೀವಽ ನೋಡಿ ಹೇಳ್ರಿ ಸರ್, ಗದ್ದಲ ಭಾಳ ಐತಿ" ಎಂದ. ಪರದೆಯ ಮೇಲೆ ಆ ದಿನದ ನಲವತ್ತೈವತ್ತು ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ವಯಸ್ಸು, ಊರು, ಮೊಬೈಲ್ ಸಂಖ್ಯೆ, ಮಾಡಿಸಿದ ಪರೀಕ್ಷೆ. ಅಕ್ಕನ ಹೆಸರು ಹುಡುಕುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರು ಕಣ್ಣಿಗೆ ಬಿತ್ತು. ಅದರ ಮುಂದೆ ಒಂದು ಪರೀಕ್ಷೆಯ ಹೆಸರೂ ಇತ್ತು. ಅದು ಯಾವ ಪರೀಕ್ಷೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನು ದೂರುತ್ತಿರುವ ತಪ್ಪನ್ನೇ ಮಾಡಿದಂತಾಗುತ್ತದೆ.

ಇದು ಸೈಬರ್ ದಾಳಿಯಲ್ಲ, ಇದನ್ನೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಕಾರಣವಿದೆ. ಅದೇ ಗಣಕ ಅಂತರಜಾಲಕ್ಕೂ ಜೋಡಣೆಯಾಗಿತ್ತು. ಎದುರು ನಿಂತ ಅಪರಿಚಿತನಿಂದ ರೋಗಿಯ ಗುಟ್ಟನ್ನು ಮರೆಮಾಡುವ ಅಭ್ಯಾಸವೇ ಇಲ್ಲದ ಕಡೆ, ಕಣ್ಣಿಗೆ ಕಾಣದ ಅಪರಿಚಿತನಿಂದ ಅದನ್ನು ಮರೆಮಾಡುವ ಅಭ್ಯಾಸ ಹೇಗೆ ಬಂದೀತು? ಸೈಬರ್ ಭದ್ರತೆಯೆಂದರೆ ತಂತ್ರಜ್ಞರ ಕೆಲಸ ಎಂದು ನಾವು ತಿಳಿದಿದ್ದೇವೆ. ಈ ತಿಳಿವಳಿಕೆ ಅರೆಬರೆಯದು ಎಂಬುದೇ ಈ ಲೇಖನದ ತಕರಾರು.

ಎರಡು ಬಗೆಯ ನಷ್ಟ

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಗಣಕ ವ್ಯವಸ್ಥೆ ಸ್ತಬ್ಧವಾಯಿತು. ರ‍್ಯಾನ್ಸಮ್‌ವೇರ್ ಎಂದು ಕರೆಯುವ ಒತ್ತೆ ತಂತ್ರಾಂಶ ಅದರೊಳಗೆ ನುಗ್ಗಿತ್ತು. ಇದು ಕಡತಗಳನ್ನು ಕದ್ದೊಯ್ಯಲೇಬೇಕೆಂದಿಲ್ಲ. ಇದ್ದಲ್ಲಿಯೇ ಗೂಢಲಿಪಿಗೆ ತಿರುಗಿಸಿ, ಕೀಲಿಕೈ ಬೇಕಾದರೆ ಹಣ ಕೊಡಿ ಎನ್ನುತ್ತದೆ. ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರದ ಪ್ರಕಾರ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿ ಹೀಗೆ ಬಂಧಿಯಾಗಿತ್ತು. ಸಂಸ್ಥೆಯ ಜಾಲವನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಎಂಬ ಕಾರಣವನ್ನೂ ಅದೇ ಉತ್ತರ ಹೇಳಿತು. ಮನೆಯ ಎಲ್ಲ ಕೋಣೆಗಳಿಗೂ ಒಂದೇ ಬಾಗಿಲು, ಒಳಗೆ ಕದಗಳೇ ಇಲ್ಲ ಎಂದಿಟ್ಟುಕೊಳ್ಳಿ. ಪಡಸಾಲೆಗೆ ಬಂದ ಕಳ್ಳ ದೇವರ ಕೋಣೆಗೂ ಬಂದಂತೆಯೇ. ಸುಮಾರು ಎರಡು ವಾರ ನೋಂದಣಿ, ದಾಖಲಾತಿ, ಬಿಡುಗಡೆ ಮೊದಲಾದ ಕೆಲಸಗಳು ಕಾಗದದ ಮೇಲೆ ನಡೆದವು. ದಾಳಿಗೆ ಸಿಕ್ಕದ ಒಂದು ಬ್ಯಾಕಪ್ ಸರ್ವರ್ ಉಳಿದಿದ್ದರಿಂದ ಮಾಹಿತಿ ಮರಳಿ ಸಿಕ್ಕಿತು. ಅಲ್ಲಿ ಬಳಕೆಯಲ್ಲಿದ್ದ ಇ-ಹಾಸ್ಪಿಟಲ್ ತಂತ್ರಾಂಶ ನಮ್ಮ ರಾಜ್ಯದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ ಎಂಬುದು ನೆನಪಿರಲಿ.

ಈ ಘಟನೆಯನ್ನು ನಾವು ಚರ್ಚಿಸಿದ ಬಗೆಯನ್ನು ಗಮನಿಸಿ. ಎಷ್ಟು ದಿನ ಕೆಲಸ ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂಬುದೇ ದೊಡ್ಡ ಸುದ್ದಿಯಾಯಿತು. ವ್ಯವಸ್ಥೆ ಮರಳಿ ನಡೆಯತೊಡಗಿದೊಡನೆ ವಿಷಯ ಮುಗಿಯಿತು ಎಂಬಂತೆ ಸುಮ್ಮನಾದೆವು. ಆದರೆ ಇಂತಹ ದಾಳಿಯಲ್ಲಿ ಎರಡು ಬಗೆಯ ನಷ್ಟಗಳಿವೆ. ಒಂದು, ಮಾಹಿತಿ ಆಸ್ಪತ್ರೆಯ ಕೈಗೆ ಸಿಗದಂತಾಗುವುದು. ಇನ್ನೊಂದು, ಮಾಹಿತಿ ಬೇರೆಯವರ ಕೈಗೆ ಸಿಗುವುದು. ಮೊದಲನೆಯದನ್ನು ಬಂಧನವೆಂದೂ ಎರಡನೆಯದನ್ನು ಸೋರಿಕೆಯೆಂದೂ ಕರೆಯೋಣ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇವೆರಡರ ವ್ಯತ್ಯಾಸ ಬೇಗ ಹೊಳೆಯಬೇಕು. ಬಂಧನ ಹಿಂದಿರುಗಿಸಬಹುದಾದ ಕ್ರಿಯೆ. ಇನ್ನೊಂದು ಪ್ರತಿ ಇದ್ದರೆ ಹಿಂದಿನ ಸ್ಥಿತಿಗೆ ಮರಳಬಹುದು. ಸೋರಿಕೆ ಹಾಗಲ್ಲ. ಲೋಟದ ನೀರಿಗೆ ಬಿದ್ದ ಶಾಯಿಯ ಹನಿ ಮತ್ತೆ ಹನಿಯಾಗಿ ಒಂದೆಡೆ ಸೇರುವುದನ್ನು ಯಾರೂ ಕಂಡಿಲ್ಲ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಹರಡಿದ ಮಾಹಿತಿಯನ್ನು ಎಷ್ಟು ಬ್ಯಾಕಪ್ ಇದ್ದರೂ ಹಿಂದಕ್ಕೆ ಕರೆಯಲಾಗದು. ಬ್ಯಾಂಕಿನ ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಬಂದುಹೋದ ಕಾಯಿಲೆಯನ್ನು, ಗರ್ಭಪಾತದ ದಾಖಲೆಯನ್ನು, ಮನೋವೈದ್ಯರ ಟಿಪ್ಪಣಿಯನ್ನು ಬದಲಾಯಿಸುವುದು ಹೇಗೆ?

ಇನ್ನೂ ಒಂದು ವ್ಯತ್ಯಾಸವಿದೆ. ನೈತಿಕ ಪ್ರಶ್ನೆ ಹುಟ್ಟುವುದೇ ಅಲ್ಲಿ. ಬಂಧನದ ನೋವು ಆಸ್ಪತ್ರೆಗೂ ತಟ್ಟುತ್ತದೆ: ಬಿಲ್ಲು ಆಗುವುದಿಲ್ಲ, ಸಾಲು ಬೆಳೆಯುತ್ತದೆ, ಹೆಸರು ಕೆಡುತ್ತದೆ. ಆದ್ದರಿಂದ ತನ್ನ ಹಿತಕ್ಕಾಗಿಯಾದರೂ ಆಸ್ಪತ್ರೆ ಅದನ್ನು ತಡೆಯಲು ಹಣ ಹಾಕುತ್ತದೆ. ಸೋರಿಕೆಯ ನೋವು ಬಹುಪಾಲು ರೋಗಿಯದು. ಸೋರಿದ ಮರುದಿನವೂ ಆಸ್ಪತ್ರೆಯ ಕೆಲಸ ಎಂದಿನಂತೆ ನಡೆಯುತ್ತದೆ. ತನಗೆ ನೋವಾಗದ ನಷ್ಟವನ್ನು ತಡೆಯಲು ಖರ್ಚು ಮಾಡುವಂತೆ ಮಾಡಬಲ್ಲದ್ದು ಲಾಭದ ಲೆಕ್ಕವಲ್ಲ. ಕರ್ತವ್ಯದ ಅರಿವು, ಇಲ್ಲವೇ ಕಾನೂನು.

ಫಿನ್‌ಲ್ಯಾಂಡಿನ ಪಾಠ

ಸೋರಿಕೆಯ ನೋವು ಎಂಥದೆಂದು ಜಗತ್ತಿಗೆ ತಿಳಿದದ್ದು 2020ರ ಅಕ್ಟೋಬರಿನಲ್ಲಿ. ಫಿನ್‌ಲ್ಯಾಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಸುಮಾರು 33 ಸಾವಿರ ರೋಗಿಗಳ ದಾಖಲೆ ಕಳುವಾಗಿತ್ತು. ಕಳವು ನಡೆದದ್ದು 2018ರಲ್ಲೇ. ರೋಗಿಗಳಿಗೆ ಗೊತ್ತಾದದ್ದು ಎರಡು ವರ್ಷಗಳ ಬಳಿಕ, ಸುಲಿಗೆಕೋರ ಸಂಸ್ಥೆಯಿಂದ ಹಣ ಸಿಗದೆ ನೇರವಾಗಿ ರೋಗಿಗಳಿಗೇ ಮಿಂಚಂಚೆ ಕಳಿಸಿದಾಗ. ಹಣ ಕೊಡದಿದ್ದರೆ ವೈದ್ಯರ ಮುಂದೆ ನೀವು ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುತ್ತೇನೆ ಎಂಬುದು ಬೆದರಿಕೆ. ಇಲ್ಲಿ ಒಂದು ದಿನವೂ ಚಿಕಿತ್ಸೆ ನಿಲ್ಲುವ ಅಗತ್ಯವಿರಲಿಲ್ಲ. ನಾವು ದೆಹಲಿಯ ಘಟನೆಯನ್ನು ಅಳೆದ ಮಾಪನದಲ್ಲಿ ಅಳೆದರೆ ಈ ದಾಳಿಯ ನಷ್ಟ ಸೊನ್ನೆ! ಮಾಪನವೇ ತಪ್ಪಾಗಿದೆ ಎಂದಲ್ಲವೇ ಇದರರ್ಥ?

ಬೀಗ ಮುರಿಯುವುದು ಎಲ್ಲಿ?

ಗೂಢಲಿಪಿಯ ಗಣಿತ ದುರ್ಬಲವಾಗಿದೆ, ಅದಕ್ಕೇ ಕಳವಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಲೆಕ್ಕ ಮಾಡಿ ನೋಡೋಣ. 128 ಬಿಟ್ ಉದ್ದದ ಕೀಲಿಯಲ್ಲಿ ಸಾಧ್ಯವಿರುವ ಕೀಲಿಗಳ ಸಂಖ್ಯೆ 2ರ 128ನೆಯ ಘಾತ, ಅಂದರೆ ಸುಮಾರು 3.4 × 10³⁸. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ಎಲ್ಲವನ್ನೂ ಮುಗಿಸಲು ಸುಮಾರು 10¹⁹ ವರ್ಷ ಬೇಕು. ವಿಶ್ವದ ವಯಸ್ಸು ಸುಮಾರು 1.4 × 10¹⁰ ವರ್ಷ ಮಾತ್ರ. ಒತ್ತೆ ತಂತ್ರಾಂಶ ಹಾಕಿದ ಬೀಗವನ್ನು ನಾವು ಒಡೆಯಲಾಗದಿರುವುದಕ್ಕೂ, ನಾವು ಹಾಕುವ ಬೀಗವನ್ನು ಕಳ್ಳ ಒಡೆಯಲಾಗದಿರುವುದಕ್ಕೂ ಇದೇ ಕಾರಣ.

ಈಗ ಕೌಂಟರಿನ ಕಡೆ ಬನ್ನಿ. ಪಾಸ್‌ವರ್ಡ್ ಒಬ್ಬರ ಜನ್ಮದಿನಾಂಕವಾಗಿದ್ದರೆ, ನೂರು ವರ್ಷಗಳ ಅವಧಿಯಲ್ಲಿ ಇರುವುದು 36,525 ದಿನಗಳು. ಸೆಕೆಂಡಿಗೆ ಸಾವಿರ ಪ್ರಯತ್ನ ಮಾಡುವ ಸಾಧಾರಣ ಯಂತ್ರಕ್ಕೂ ಇದು ಅರ್ಧ ನಿಮಿಷಕ್ಕಿಂತ ಕೊಂಚ ಹೆಚ್ಚಿನ ಕೆಲಸ. ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದರೆ ಯಂತ್ರವೂ ಬೇಡ. 2017ರ ಮೇ 12ರಂದು ಹರಡಿದ ವಾನ್ನಕ್ರೈ ಒತ್ತೆ ತಂತ್ರಾಂಶ ಇಂಗ್ಲೆಂಡಿನ ಆಸ್ಪತ್ರೆಗಳನ್ನು ಕಂಗೆಡಿಸಿತು. ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು. ಅದು ನುಗ್ಗಿದ ಬಿರುಕಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಸುಮಾರು ಎರಡು ತಿಂಗಳ ಮೊದಲೇ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸೋತದ್ದು ಗಣಿತವಲ್ಲ, ಅಭ್ಯಾಸ.

ಮೂರು ಬರಹಗಳ ಓದು

ಹಾಗಾದರೆ ನಮ್ಮ ನಿಯಮಗಳು ಈ ಅಭ್ಯಾಸವನ್ನು ಕಲಿಸುತ್ತವೆಯೇ? ವೈದ್ಯರು ರೋಗಿಯ ಮನೆಯೊಳಗಿನ ವಿಷಯವನ್ನು ಹೊರಗೆ ಹೇಳಬಾರದೆಂಬ ಕಟ್ಟಳೆ ಚರಕಸಂಹಿತೆಯ ವಿಮಾನಸ್ಥಾನದಲ್ಲೇ ಇದೆ. ನಮ್ಮ ಕಾಲದ ಮೂರು ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ.

ಮೊದಲನೆಯದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನೀತಿ ನಿಯಮಗಳು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು, ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭಗಳ ಹೊರತು ರೋಗಿಯ ಗುಟ್ಟನ್ನು ಹೇಳಬಾರದು ಎನ್ನುತ್ತವೆ. ಇವೆಲ್ಲ ಒಳ್ಳೆಯ ಮಾತುಗಳೇ. ಬೇಗ ಹುಡುಕಿ ತೆಗೆಯಲು ಅನುಕೂಲವಾಗುವಂತೆ ದಾಖಲೆಗಳನ್ನು ಗಣಕಕ್ಕೆ ಏರಿಸಲು ಪ್ರಯತ್ನಿಸಬೇಕು ಎಂದೂ ಅವು ಹೇಳುತ್ತವೆ. ಏರಿಸಿದ ಮೇಲೆ ಆ ಗಣಕವನ್ನು ಕಾಯುವುದು ಹೇಗೆಂಬ ಬಗ್ಗೆ ಆ ಜಾಗದಲ್ಲಿ ಮಾತಿಲ್ಲ. ವೈದ್ಯನ ಬಾಯಿಗೆ ಬೀಗ ಹಾಕಿದ ನಿಯಮ ಗಣಕದ ಬಾಯಿಯನ್ನು ಮರೆಯಿತು. ಬೇಗ ಸಿಗುವುದು ವೈದ್ಯರಿಗೆ ಮಾತ್ರವಲ್ಲ, ಕಳ್ಳನಿಗೂ ಕೂಡ!

ಎರಡನೆಯದು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಸಾರ್ವಜನಿಕರ ಮುಂದಿಟ್ಟ, ದಿಶಾ ಎಂದು ಹೆಸರಾದ ಕರಡು ಮಸೂದೆ. ಆರೋಗ್ಯ ಮಾಹಿತಿಯ ಒಡೆಯ ಆ ಮಾಹಿತಿ ಯಾರದೋ ಅವರೇ ಎಂದು ಅದು ನೇರವಾಗಿ ಹೇಳಿತ್ತು. ಸೋರಿಕೆಯಾದರೆ ನೊಂದವರಿಗೆ ಪರಿಹಾರ ಕೊಡಬೇಕೆಂದೂ ಇತ್ತು. ಈ ಕರಡು ಕಾನೂನಾಗಲೇ ಇಲ್ಲ.

ಮೂರನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ಹಿನ್ನೆಲೆಯಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಕಾಯ್ದೆಯ ಪ್ರಕಾರ ಮಾಹಿತಿ ಸಂಗ್ರಹಿಸುವವರು ತಕ್ಕ ಭದ್ರತೆ ಒದಗಿಸಬೇಕು. ಸೋರಿದರೆ ಮಂಡಳಿಗೂ ಬಾಧಿತರಿಗೂ ತಿಳಿಸಬೇಕು. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು; ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಕಾಶವಿಟ್ಟರು.

ಬಾಧಿತರಿಗೆ ತಿಳಿಸಬೇಕೆಂಬ ಮಾತು ದೊಡ್ಡ ಹೆಜ್ಜೆ. ವಸ್ತಾಮೊದ ರೋಗಿಗಳು ಎರಡು ವರ್ಷ ಕತ್ತಲಲ್ಲಿದ್ದರೆಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಎರಡು ಕೊರತೆಗಳನ್ನು ಹೇಳಲೇಬೇಕು. ಒಂದು, ಈ ಕಾಯ್ದೆಯಲ್ಲಿ ಆರೋಗ್ಯ ಮಾಹಿತಿಗೆ ಪ್ರತ್ಯೇಕ ಸ್ಥಾನವಿಲ್ಲ. ಅಂಗಡಿಯ ಗಿರಾಕಿಪಟ್ಟಿಗೂ ಆಸ್ಪತ್ರೆಯ ರೋಗಿಪಟ್ಟಿಗೂ ಒಂದೇ ತಕ್ಕಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿ ಎಣಿಸಿದ್ದವು. ಎರಡು, ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ನೊಂದ ವ್ಯಕ್ತಿಗೆ ಪರಿಹಾರ ಕೊಡಿಸುತ್ತಿದ್ದ ಹಳೆಯ ಕಾಯ್ದೆಯ 43ಎ ಕಲಮನ್ನು ತೆಗೆದುಹಾಕಲು ಹೊಸ ಕಾಯ್ದೆಯಲ್ಲೇ ಅವಕಾಶವಿದೆ. ನೋವು ರೋಗಿಯದು, ದಂಡ ಆಸ್ಪತ್ರೆಯದು, ಹಣ ಸರ್ಕಾರದ್ದು. ರೋಗಿಗೆ ಸಿಗುವುದು ಒಂದು ತಿಳಿವಳಿಕೆ ಪತ್ರ.

ಆರೋಗ್ಯ ಮಾಹಿತಿಯನ್ನು ಬೇರೆಯಾಗಿ ಕಾಯುವುದು ನಮಗೆ ಸಾಧ್ಯವಿಲ್ಲವೆಂದೇನಲ್ಲ. ಎಚ್‌ಐವಿ ಸೋಂಕಿತರಿಗಾಗಿ 2017ರಲ್ಲಿ ಬಂದ ಕಾಯ್ದೆ, ಸೋಂಕಿನ ದಾಖಲೆ ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ಅದರ ರಕ್ಷಣೆಗೆ ಕ್ರಮ ಕೈಗೊಳ್ಳಬೇಕೆಂದು ವಿಧಿಸಿದೆ. ಅದೇ ಕಾಳಜಿ ಕ್ಷಯಕ್ಕೆ, ಅಪಸ್ಮಾರಕ್ಕೆ, ಬಂಜೆತನದ ಚಿಕಿತ್ಸೆಗೆ ಏಕೆ ಬೇಡ? ನಮ್ಮ ಊರುಗಳಲ್ಲಿ ಮದುವೆ ಮುರಿಯಲು ಇವುಗಳಲ್ಲಿ ಯಾವುದೊಂದು ಸುದ್ದಿಯಾದರೂ ಸಾಕು.

ಹೆಸರು ಅಳಿಸಿದರೆ ಸಾಕೆ?

ಹೆಸರು ತೆಗೆದು ಮಾಹಿತಿ ಇಟ್ಟುಕೊಂಡರೆ ಅಪಾಯವಿಲ್ಲ ಎಂಬ ಸಮಾಧಾನವನ್ನು ಆಗಾಗ ಕೇಳುತ್ತೇವೆ. ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ 1,200 ಜನರಿದ್ದಾರೆ ಎಂದಿಟ್ಟುಕೊಳ್ಳಿ. ದಾಖಲೆಯಲ್ಲಿ ಹೆಸರಿಲ್ಲ, ಊರು, ಲಿಂಗ, ಜನ್ಮದಿನಾಂಕ ಮಾತ್ರ ಇವೆ. 80 ವರ್ಷಗಳ ವ್ಯಾಪ್ತಿಯಲ್ಲಿ ಸಾಧ್ಯವಿರುವ ಜೋಡಣೆಗಳು 80 × 365 × 2, ಅಂದರೆ 58,400. ನಿಮ್ಮದೇ ಲಿಂಗ, ನಿಮ್ಮದೇ ಜನ್ಮದಿನಾಂಕದ ಇನ್ನೊಬ್ಬರು ಊರಿನಲ್ಲಿರುವ ಸಂಭವನೀಯತೆ ಸುಮಾರು 1,199 ಭಾಗಿಸು 58,400, ಅಂದರೆ ಶೇಕಡ 2. ನೂರರಲ್ಲಿ ತೊಂಬತ್ತೆಂಟು ಮಂದಿಯನ್ನು ಹೆಸರಿಲ್ಲದೆಯೂ ಬೆರಳು ಮಾಡಿ ತೋರಿಸಬಹುದಾಯಿತು. ಹಿಂದಿನ ಮೇಷ್ಟರು ಶಾಲೆಗೆ ಸೇರಿಸಿಕೊಳ್ಳುವಾಗ ಅರ್ಧ ಊರಿಗೆ ಜೂನ್ 1 ಎಂದು ಬರೆದಿದ್ದರೆ ಈ ಸಂಖ್ಯೆ ಬಹಳಷ್ಟು ಇಳಿಯುತ್ತದೆ. ಆ ಮಟ್ಟಿಗೆ ಮೇಷ್ಟರು ಖಾಸಗಿತನದ ರಕ್ಷಕರು! ಅಮೆರಿಕದ ಗಣಕ ವಿಜ್ಞಾನಿ ಲತಾನ್ಯ ಸ್ವೀನಿ ಇದೇ ಬಗೆಯ ತರ್ಕದಿಂದ, ಹೆಸರು ಅಳಿಸಿ ಸಂಶೋಧನೆಗೆ ಕೊಟ್ಟಿದ್ದ ವೈದ್ಯಕೀಯ ಕಡತದಿಂದ ಮ್ಯಾಸಚೂಸೆಟ್ಸ್ ರಾಜ್ಯದ ರಾಜ್ಯಪಾಲರ ದಾಖಲೆಯನ್ನೇ 1990ರ ದಶಕದಲ್ಲಿ ಗುರುತಿಸಿ ತೋರಿಸಿದ್ದರು.

ನಮ್ಮ ರಾಜ್ಯದ ಅನುಭವವೂ ಇದನ್ನೇ ಹೇಳುತ್ತದೆ. ಕೋವಿಡ್ ಹರಡತೊಡಗಿದ 2020ರ ಮಾರ್ಚ್‌ನಲ್ಲಿ, ಹೊರದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು. ಹೆಸರಿರಲಿಲ್ಲ, ಆದರೆ ಮನೆಯ ವಿಳಾಸವಿತ್ತು. ರೋಗ ತಡೆಯುವ ಉದ್ದೇಶವನ್ನು ಯಾರೂ ಅನುಮಾನಿಸಬೇಕಿಲ್ಲ. ಆದರೆ ಆ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಸುತ್ತತೊಡಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಯಾವ ಸರ್ಕಾರಕ್ಕೂ ಉಳಿಯಲಿಲ್ಲ. ದಾಳಿಕೋರನೇ ಇಲ್ಲದ ಸೋರಿಕೆ ಇದು.

ಸಣ್ಣ ಊರಿನ ಆಕ್ಷೇಪ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ವೈದ್ಯರು, ದಿನಕ್ಕೆ ನೂರು ರೋಗಿಗಳನ್ನು ನೋಡುವಾಗ ಭದ್ರತಾ ತಜ್ಞರನ್ನು ಎಲ್ಲಿಂದ ತರಬೇಕು? ಹಾವೇರಿಯಿಂದ ಹುಬ್ಬಳ್ಳಿಗೋ, ರಾಣೆಬೆನ್ನೂರಿನಿಂದ ದಾವಣಗೆರೆಗೋ ರೋಗಿಯನ್ನು ತುರ್ತಾಗಿ ಕಳಿಸುವಾಗ ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ಮುಂದಾಗಿ ಕಳಿಸಿದ್ದರಿಂದಲೇ ಜೀವ ಉಳಿದೀತು. ಗುಟ್ಟಿಗಾಗಿ ಜೀವ ಬಿಡಬೇಕೆ?

ಖಂಡಿತ ಬೇಡ. ಮಾಹಿತಿ ಬೇಕಾದವರಿಗೆ ಬೇಕಾದಾಗ ಸಿಗುವುದೂ ರೋಗಿಯ ಹಕ್ಕೇ. ವೈದ್ಯರಿಗೂ ತೆರೆಯದ ಬೀಗ ಒತ್ತೆ ತಂತ್ರಾಂಶಕ್ಕಿಂತ ಮೇಲಲ್ಲ. ಆದರೆ ತುರ್ತಿನಲ್ಲಿ ಒಬ್ಬ ವೈದ್ಯರಿಗೆ ಕಳಿಸುವುದು ಬೇರೆ, ಐವತ್ತು ಜನರ ಗುಂಪಿಗೆ ಹಾಕಿ ಅಲ್ಲೇ ಬಿಡುವುದು ಬೇರೆ. ತಜ್ಞರಿಲ್ಲದೆಯೂ ಮಾಡಬಹುದಾದ ಕೆಲಸಗಳು ಹಲವಿವೆ. ಪರದೆಯನ್ನು ರೋಗಿಗಳ ಸಾಲಿನಿಂದ ಆಚೆ ತಿರುಗಿಸಿ. ಪ್ರತಿ ಸಿಬ್ಬಂದಿಗೂ ತನ್ನದೇ ಪಾಸ್‌ವರ್ಡ್ ಇರಲಿ. ಬಿಲ್ಲಿನ ಗಣಕ, ಸಿಸಿಟಿವಿ, ರೋಗಿಯ ದಾಖಲೆ ಇವು ಒಂದೇ ಜಾಲದಲ್ಲಿ ಬೇಡ. ತೇಪೆ ಬಂದ ವಾರದಲ್ಲೇ ಹಾಕಿ. ಜಾಲಕ್ಕೆ ಜೋಡಿಸದ ಒಂದು ಬ್ಯಾಕಪ್ ಇಟ್ಟು, ಅದರಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ. ದಾಳಿಯಾದರೆ ಆರು ಗಂಟೆಗಳೊಳಗೆ ತಿಳಿಸಬೇಕೆಂದು ದೇಶದ ಗಣಕ ತುರ್ತು ಸ್ಪಂದನಾ ತಂಡ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ, ಮುಚ್ಚಿಡಬೇಡಿ.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಕಡಿಮೆ ಕೇಳುವುದು, ಕಡಿಮೆ ಇಟ್ಟುಕೊಳ್ಳುವುದು. ಸಕ್ಕರೆ ಪರೀಕ್ಷೆಗೆ ಆಧಾರ್ ಪ್ರತಿ ಏಕೆ? ಇಲ್ಲದ ಮಾಹಿತಿಯನ್ನು ಯಾವ ಕಳ್ಳನೂ ಕದಿಯಲಾರ.

ಶಿಕ್ಷಕರಿಗೆ ಒಂದು ಮಾತು

ಶಾಲೆ ಕಾಲೇಜುಗಳಲ್ಲಿ ನಾವು ಕಲಿಸುವ ಸೈಬರ್ ಸುರಕ್ಷೆಯ ಪಾಠವೆಲ್ಲ ಓಟಿಪಿ ಹೇಳಬೇಡಿ, ಕೊಂಡಿ ಒತ್ತಬೇಡಿ ಎಂಬುದರ ಸುತ್ತಲೇ ಇದೆ. ಅದು ಬೇಕು. ಆದರೆ ಎಚ್ಚರದ ಹೊಣೆಯನ್ನೆಲ್ಲ ಕಳೆದುಕೊಳ್ಳುವವನ ತಲೆಗೇ ಕಟ್ಟುತ್ತದೆ. ಜ್ವರದಿಂದ ನಡುಗುತ್ತಾ ಕೌಂಟರಿನ ಮುಂದೆ ನಿಂತವನು ಮೊಬೈಲ್ ಸಂಖ್ಯೆ ಕೊಡುವುದಿಲ್ಲ ಎನ್ನಲಾರ. ಅವನ ಒಪ್ಪಿಗೆ ಒಪ್ಪಿಗೆಯಲ್ಲ, ಅನಿವಾರ್ಯ. ಆದ್ದರಿಂದ ಕಾಯುವ ಹೊಣೆ ಕೇಳಿದವನದು, ಕೊಟ್ಟವನದಲ್ಲ ಎಂಬ ಪಾಠವನ್ನೂ ಸೇರಿಸಬೇಕು. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಪ್ರಯೋಗಾಲಯದ ತಂತ್ರಜ್ಞರಾಗುತ್ತಾರೆ, ದಾದಿಯರಾಗುತ್ತಾರೆ, ಅದೇ ಕೌಂಟರಿನ ಹಿಂದೆ ಕೂರುತ್ತಾರೆ. ಮೇಲಿನ ಹಳ್ಳಿಯ ಲೆಕ್ಕವನ್ನು ಅವರಿಂದ ತಮ್ಮೂರಿನ ಜನಸಂಖ್ಯೆ ಹಿಡಿದು ಮಾಡಿಸಿ ನೋಡಿ.

ನನ್ನ ಆ ಹಳೆಯ ವಿದ್ಯಾರ್ಥಿ ಕೆಲವು ತಿಂಗಳ ಬಳಿಕ ಬಸ್ ನಿಲ್ದಾಣದಲ್ಲಿ ಸಿಕ್ಕ. ನಮಸ್ಕಾರ ಮಾಡಿ, "ಅರಾಮ ಅದೀರೇನ್ರಿ ಸರ್?" ಎಂದ. ಅರಾಮ ಎಂದೆ. ಅವನನ್ನು ತಿರುಗಿ ಕೇಳಬೇಕಾದ ಅದೇ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ. ಅವನು ಹೇಳದೆಯೇ ನಾನು ಅವನ ಬಗ್ಗೆ ಏನನ್ನೋ ತಿಳಿದಿದ್ದೆ. ನನಗೆ ತಿಳಿದಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಬಸ್ಸು ಬಂತು, ಅವನು ಹತ್ತಿ ಹೋದ.